ಎಡಗೈಯಲ್ಲಿ ಹಾಕಿದ ಗ್ಲೂಕೋಸು

ಮನುಷ್ಯನಿಗೆ ದೇವರು ಎರಡು ಕೈ ಕೊಟ್ಟಿದ್ದಾನೆ ಎಂಬ ವಿಷಯ ನನಗೆ ಸರಿಯಾಗಿ ಮನದಟ್ಟಾದದ್ದು ನರ್ಸಿಂಗ್ ಓದಲು ಸೇರಿದ ಮೇಲೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಲೆಕ್ಕಕ್ಕೆ ಇದ್ದದ್ದು ಬಲಗೈ ಒಂದೇ. ಉಣ್ಣುವುದು, ಬರೆಯುವುದು, ಕೊಡುವುದು, ತೆಗೆದುಕೊಳ್ಳುವುದು, ತೀರ್ಥಕ್ಕೆ ಚಾಚುವುದು, ಕೊನೆಗೆ ಬಸ್ಸಿಗೆ ಅಡ್ಡ ತೋರಿಸುವುದು ಕೂಡ ಅದರ ಪಾಲಿನ ಕೆಲಸವೇ. ಎಡಗೈಗೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಕೆಲಸ ಇರುತ್ತಿತ್ತು. ಅದು ಮುಗಿದ ಮೇಲೆ ಆ ಕೈ ದಿನವಿಡೀ ಯಾರ ಕಣ್ಣಿಗೂ ಬೀಳದ ಹಾಗೆ ಇರಬೇಕು. ಈ ಏರ್ಪಾಟಿನ ಬಗ್ಗೆ ನನಗೇನೂ ತಕರಾರು ಇರುತ್ತಿರಲಿಲ್ಲ, ಆದರೆ ನಾನು ಹುಟ್ಟಿದ್ದೇ ಎಡಚನಾಗಿ. ಬಳಪ ಕಂಡರೂ, ಚೆಂಡು ಕಂಡರೂ, ಚಕ್ಕುಲಿ ಕಂಡರೂ ಮೊದಲು ಮುಂದಕ್ಕೆ ಹೋಗುತ್ತಿದ್ದದ್ದು ಎಡಗೈ. ಅದರ ಮೇಲೆ ಒಂದು ಏಟು ಬಿದ್ದ ನಂತರ ಬಲಗೈ ಕಚೇರಿಯ ಗುಮಾಸ್ತನಂತೆ ನಿಧಾನಕ್ಕೆ ಎದ್ದು ಬರುತ್ತಿತ್ತು. ಹೀಗೆ ಏಟು ತಿನ್ನುತ್ತ ತಿನ್ನುತ್ತ ಅದು ಬರೆಯುವುದನ್ನೂ ಉಣ್ಣುವುದನ್ನೂ ಕಲಿಯಿತು. ಆದರೆ ಮನಸ್ಸಿಟ್ಟು ಕಲಿತದ್ದಲ್ಲ ಎನ್ನುವುದು ನನ್ನ ಅಕ್ಷರ ನೋಡಿದವರಿಗೆಲ್ಲ ಗೊತ್ತು.

ಬೇರೆ ಯಾರ ಮನೆಯಲ್ಲಾದರೂ ಹುಟ್ಟಿದ್ದರೆ ಇದು ಸಣ್ಣ ವಿಷಯವಾಗಿ ಮುಗಿದು ಹೋಗುತ್ತಿತ್ತೋ ಏನೋ. ನಾನು ಹುಟ್ಟಿದ್ದು ಅಡುಗೆ ಭಟ್ಟರ ಮನೆಯಲ್ಲಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಈ ಮೂರೂ ಕಡೆ ಮದುವೆ, ಉಪನಯನ, ಗೃಹಪ್ರವೇಶ ಏನಿದ್ದರೂ ಮೊದಲು ದಿನ ಕೇಳುವುದು ಪುರೋಹಿತರನ್ನು, ಆಮೇಲೆ ಬೇಗಾರಿನ ನಮ್ಮ ಅಪ್ಪಯ್ಯನನ್ನು. ಪುರೋಹಿತರಿಗೆ ದಿನ ಹೊಂದದಿದ್ದರೆ ಬೇರೆ ಪುರೋಹಿತರನ್ನು ಹುಡುಕಿಯಾರು, ಅಪ್ಪಯ್ಯನಿಗೆ ಹೊಂದದಿದ್ದರೆ ಮುಹೂರ್ತವನ್ನೇ ಮುಂದೆ ಹಾಕಿದವರಿದ್ದಾರೆ. ಅವರ ಸಾರಿನ ರುಚಿಯ ಬಗ್ಗೆ ನಾನು ಹೇಳಿದರೆ ಮಗ ಹೊಗಳಿದ ಎಂದಾಗುತ್ತದೆ, ಬಿಡಿ. ಅಡುಗೆಗಿಂತ ಹೆಚ್ಚಿನ ಹೆಸರು ಅವರಿಗಿರುವುದು ಬಡಿಸುವ ಶಿಸ್ತಿನಲ್ಲಿ. ಬಡಿಸುವವನು ಬಗ್ಗಿ ಬಡಿಸಬೇಕು. ಎಲೆಗೆ ಸುರಿಯಬಾರದು, ಇಡಬೇಕು. ಬೇಕಾ ಎಂದು ಕೇಳಬೇಕು, ಬೇಡ ಎಂದವರನ್ನು ಇನ್ನೊಮ್ಮೆ ಕೇಳದೆ ಮುಂದೆ ಹೋಗಬಾರದು. ಎಡಗೈ ಎಲೆಯ ಹತ್ತಿರಕ್ಕೆ ಸುಳಿಯಬಾರದು. ಚಿಕ್ಕವನಿದ್ದಾಗ ಒಂದು ಉಪನಯನದಲ್ಲಿ ನಾನು ಮೈಮರೆತು ಎಡಗೈಯಿಂದ ಉಪ್ಪು ಬಡಿಸಿಬಿಟ್ಟೆ. ಅಪ್ಪಯ್ಯ ಆ ಸಾಲಿನ ಎಲೆಗಳನ್ನೆಲ್ಲ ಎತ್ತಿಸಿ ಹೊಸ ಎಲೆ ಹಾಕಿಸಿದರು. ಹಸಿದು ಕುಳಿತಿದ್ದವರೆಲ್ಲ ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದರು. ಆವತ್ತು ಹೊಡೆದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಇಂಥ ಮನೆಯಿಂದ ನಾನು ನರ್ಸಿಂಗಿಗೆ ಹೋಗುತ್ತೇನೆ ಎಂದೆ. ಗಂಡು ಮಾಣಿ ನರ್ಸ್ ಆಗುವುದು ಅಪ್ಪಯ್ಯನ ಮಟ್ಟಿಗೆ ಕಂಡು ಕೇಳರಿಯದ ಸಂಗತಿ. ಸೀರೆ ಉಡಬೇಕಾ ಎಂದು ಅಮ್ಮನ ಹತ್ತಿರ ವಿಚಾರಿಸಿದರಂತೆ. ಕೊನೆಗೆ ಒಪ್ಪಿದರು, ಆದರೆ ಒಪ್ಪುವಾಗ ಒಂದು ಮಾತು ಸೇರಿಸಿದರು. "ಆಗದಿದ್ರೆ ಬೇಜಾರು ಮಾಡ್ಕೋಬೇಡ ಮಾಣಿ, ವಾಪಸ್ ಬಾ. ಸೌಟು ಎಲ್ಲೂ ಹೋಗೂದಿಲ್ಲ." ಪ್ರೀತಿಯಿಂದಲೇ ಹೇಳಿದ ಮಾತು. ಅದು ನನ್ನ ಬೆನ್ನ ಹಿಂದೆ ಕೊಪ್ಪದ ನರ್ಸಿಂಗ್ ಕಾಲೇಜಿನವರೆಗೂ ಬಂತು, ಹಾಸ್ಟೆಲ್ಲಿನ ಮಂಚದ ಪಕ್ಕ ನಿಂತಿತು. ನನಗೆ ಸೌಟಿನ ಮೇಲೆ ದ್ವೇಷ ಇರಲಿಲ್ಲ. ಪಂಕ್ತಿಯಲ್ಲಿ ಬಡಿಸುವವನಿಗೆ ಹೆಸರಿರುವುದಿಲ್ಲ ಎನ್ನುವುದೊಂದೇ ನನ್ನ ದುಃಖ. ಸಾರಿನ ಬಕೆಟ್ ಹಿಡಿದರೆ "ಸಾರು, ಇಲ್ಲಿ ಬಾ" ಎನ್ನುತ್ತಾರೆ, ಕೋಸಂಬರಿ ಹಿಡಿದರೆ ಕೋಸಂಬರಿ. ಎಷ್ಟೋ ಊರುಗಳಲ್ಲಿ ನನ್ನನ್ನು ಈಗಲೂ ಹುಳಿ ಎಂದೇ ಗುರುತಿಸುವವರಿದ್ದಾರೆ.

ನರ್ಸಿಂಗಿನಲ್ಲಿ ಓದುವುದು ನನಗೆ ಕಷ್ಟವಾಗಲಿಲ್ಲ. ರೋಗಿಯ ಹಾಸಿಗೆ ಹಾಸುವುದು, ಮೈ ಒರೆಸುವುದು, ಬಿಪಿ ನೋಡುವುದು ಎಲ್ಲವೂ ಬಂತು. ಬಾರದೆ ಹೋದದ್ದು ಒಂದೇ, ರಕ್ತನಾಳಕ್ಕೆ ಕ್ಯಾನುಲಾ ಹಾಕುವುದು. ನಮ್ಮ ಕಡೆ ಜನ ಇದಕ್ಕೆ ಗ್ಲೂಕೋಸ್ ಹಾಕುವುದು ಎನ್ನುತ್ತಾರೆ, ಬಾಟ್ಲಿಯಲ್ಲಿ ಇರುವುದು ಬರೀ ಉಪ್ಪುನೀರಾದರೂ ಸರಿ. ಹೇಳುವುದಕ್ಕೆ ಸುಲಭ. ತೋಳಿಗೆ ರಬ್ಬರ್ ಪಟ್ಟಿ ಕಟ್ಟಬೇಕು, ನಾಳ ಉಬ್ಬುವುದನ್ನು ಬೆರಳಿನಿಂದ ಮುಟ್ಟಿ ತಿಳಿಯಬೇಕು, ಸ್ಪಿರಿಟ್ ಒರೆಸಿ, ಒಂದು ಕೈಯಿಂದ ಚರ್ಮ ಎಳೆದು ಹಿಡಿದು, ಇನ್ನೊಂದು ಕೈಯಿಂದ ಸೂಜಿಯನ್ನು ಓರೆಯಾಗಿ ಒಳಗೆ ತಳ್ಳಬೇಕು. ಸೂಜಿಯ ಹಿಂದೆ ಒಂದು ಹನಿ ರಕ್ತ ಕಂಡರೆ ನಾಳ ಸಿಕ್ಕಿತು ಎಂದರ್ಥ. ಆಗ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆಯನ್ನು ಒಳಗೆ ಸರಿಸಿ ಸೂಜಿಯನ್ನು ಹೊರಗೆ ಎಳೆಯುವುದು. ಇಷ್ಟೇ. ಕಾಲೇಜಿನಲ್ಲಿ ಇದನ್ನು ಕಲಿಯಲು ಒಂದು ರಬ್ಬರ್ ಕೈ ಇತ್ತು, ಒಳಗೆ ಕೆಂಪು ನೀರು ತುಂಬಿದ್ದು. ನಮಗಿಂತ ಮೊದಲು ಓದಿದವರೆಲ್ಲ ಚುಚ್ಚಿ ಚುಚ್ಚಿ ಅದು ಎಷ್ಟು ಸೋರುತ್ತಿತ್ತು ಎಂದರೆ, ಎಲ್ಲಿ ಚುಚ್ಚಿದರೂ ಕೆಂಪು ಬರುತ್ತಿತ್ತು. ಕೆಲವೊಮ್ಮೆ ಚುಚ್ಚುವ ಮೊದಲೇ ಬರುತ್ತಿತ್ತು.

ಆ ರಬ್ಬರ್ ಕೈಯ ಮುಂದೆ ನಾನು ಒಂದು ವಿಚಿತ್ರ ಕಂಡುಕೊಂಡೆ. ಬಲಗೈಯಲ್ಲಿ ಸೂಜಿ ಹಿಡಿದರೆ ನಾಳ ಇದ್ದ ಜಾಗ ಬಿಟ್ಟು ಬೇರೆ ಎಲ್ಲ ಕಡೆಗೂ ಹೋಗುತ್ತಿತ್ತು. ಯಾರೂ ಇಲ್ಲದಾಗ ಎಡಗೈಗೆ ಕೊಟ್ಟು ನೋಡಿದೆ. ಅದು ಸೂಜಿಯನ್ನು ತೆಗೆದುಕೊಂಡು, ಯಾರ ಅಪ್ಪಣೆಗೂ ಕಾಯದೆ, ಸೀದಾ ಒಳಗೆ ಹೋಯಿತು. ಇಷ್ಟು ವರ್ಷ ಸುಮ್ಮನೆ ಮೂಲೆಯಲ್ಲಿ ಕೂತಿದ್ದ ಕೈ ಹೀಗೆ ಮಾಡಿದ್ದು ನೋಡಿ ನನಗೆ ಒಂದು ಕ್ಷಣ ಹೆದರಿಕೆಯಾಯಿತು. ನನ್ನ ಸಹಪಾಠಿ ಜಿನ್ಸಿಗೆ ಮಾತ್ರ ಈ ಗುಟ್ಟು ಹೇಳಿದೆ. ಅವಳು ನರಸಿಂಹರಾಜಪುರದವಳು, ಮನೆಯಲ್ಲಿ ಮಲಯಾಳಂ ಆಡುವವರು, ಅವಳ ದೊಡ್ಡಮ್ಮ ಚಿಕ್ಕಮ್ಮಂದಿರೆಲ್ಲ ಎಲ್ಲೆಲ್ಲಿಯೋ ನರ್ಸ್ ಆಗಿರುವವರು. ಹುಟ್ಟುವಾಗಲೇ ಸೂಜಿ ಹಿಡಿದುಕೊಂಡು ಬಂದವಳ ಹಾಗೆ ಮೊದಲ ದಿನವೇ ಕ್ಯಾನುಲಾ ಹಾಕಿದ್ದಳು. ಅವಳಿಗೆ ನನ್ನ ಸಮಸ್ಯೆ ಅರ್ಥವೇ ಆಗಲಿಲ್ಲ. ಎಡಗೈಯಲ್ಲಿ ಬರುತ್ತದಾದರೆ ಎಡಗೈಯಲ್ಲಿ ಹಾಕು, ಇದರಲ್ಲಿ ಯೋಚನೆ ಮಾಡುವುದು ಏನಿದೆ ಎಂದಳು. ಅವಳ ಮನೆಯಲ್ಲಿ ಎಡಗೈಗೆ ಪೌರತ್ವ ಇತ್ತು, ಅವಳಿಗೆ ಹೇಗೆ ಗೊತ್ತಾಗಬೇಕು.

ವಾರ್ಡಿನಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಶಕುಂತಲಾ ಸಿಸ್ಟರ್. ನಿವೃತ್ತಿಗೆ ಹತ್ತಿರದವರು, ಕೋಪ ಬಂದರೆ ದನಿ ಇಳಿಸುವ ಜಾತಿ. ಅವರಿಗೂ ಯಾವ ಕೈ ಎನ್ನುವುದು ಮುಖ್ಯವಾಗಿರಲಿಲ್ಲ, ಬಾಟ್ಲಿ ಓಡಿದರೆ ಸೈ. ಆ ಧೈರ್ಯದ ಮೇಲೆ ನಾನು ಮೊದಲ ರೋಗಿಗೆ ಎಡಗೈಯಲ್ಲೇ ಸೂಜಿ ಹಿಡಿದೆ. ಸಿರಿಮನೆ ಕಡೆಯ ಒಬ್ಬರು ಅಜ್ಜಿ. ನಮ್ಮ ಕಡೆಯ ರೋಗಿಗಳ ಒಂದು ಪದ್ಧತಿ ನಿಮಗೆ ಹೇಳಬೇಕು. ಮೈಮೇಲೆ ಕೈ ಇಡುವವನು ಯಾರ ಮನೆಯವನು ಎಂದು ತಿಳಿಯದೆ ಅವರು ಕೈ ಚಾಚುವುದಿಲ್ಲ. ಅಜ್ಜಿ ಊರು ಕೇಳಿದರು, ಹೇಳಿದೆ. ಯಾರ ಮಗ ಎಂದರು, ಹೇಳಿದೆ. ಅಪ್ಪಯ್ಯನ ಹೆಸರು ಕೇಳಿ ಅವರ ಮುಖ ಅರಳಿತು, ಮೊಮ್ಮಗಳ ಮದುವೆಯ ಹೋಳಿಗೆ ನೆನೆಸಿಕೊಂಡರು. ಆಮೇಲೆ ಕಣ್ಣು ನನ್ನ ಕೈಗೆ ಹೋಯಿತು. "ಭಟ್ರ ಮಗ ಆಗಿ ಎಡಗೈಲಿ ಚುಚ್ತೀಯನಾ? ನಿಮ್ಮ ಅಪ್ಪಯ್ಯಂಗೆ ಗೊತ್ತುಂಟಾ?" ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದು ನಾನು ಸೂಜಿಯನ್ನು ಟ್ರೇಯಲ್ಲಿಟ್ಟೆ. ಜಿನ್ಸಿ ಬಂದು ಹಾಕಿದಳು. ಆಮೇಲೆ ನಾನು ವಾರ್ಡಿನಲ್ಲಿ ಎಡಗೈ ಎತ್ತಲಿಲ್ಲ.

ಉಳಿದದ್ದು ಬಲಗೈ. ಅದಕ್ಕೆ ಜೀವಮಾನದಲ್ಲಿ ಮನಸ್ಸಿಟ್ಟು ಕಲಿಸಿದ್ದು ಒಂದೇ ವಿದ್ಯೆ, ಬಡಿಸುವುದು. ರೋಗಿಯ ಮಂಚದ ಪಕ್ಕ ಹೋದ ಕೂಡಲೇ ಅದು ನನಗೆ ತಿಳಿಯದ ಹಾಗೆ ಪಂಕ್ತಿಗೆ ಇಳಿದುಬಿಡುತ್ತಿತ್ತು. ಸೊಂಟ ತಾನಾಗಿ ಬಗ್ಗುತ್ತಿತ್ತು, ಬಾಯಿ ತಾನಾಗಿ "ಹಾಕ್ಲಾ?" ಎನ್ನುತ್ತಿತ್ತು. ಸೂಜಿ ಹಿಡಿದವನು ಈ ಪ್ರಶ್ನೆ ಕೇಳಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಏಕೆಂದರೆ ಬೇರೆ ಯಾರೂ ಕೇಳುವುದಿಲ್ಲ. ನಮ್ಮ ಜನ ಹುಟ್ಟಿದಾಗಿನಿಂದ ಎಲೆಯ ಮುಂದೆ ಕುಳಿತು ಬಂದವರು. ಒಬ್ಬ ಹುಡುಗ ಬಗ್ಗಿ ಹಾಕ್ಲಾ ಎಂದರೆ ಅವರು ಏನು ಮಾಡುತ್ತಾರೆ? ಇನ್ನೊಂದು ಕೈಯನ್ನು ಅಡ್ಡ ಹಿಡಿದು "ಬೇಡ, ಬೇಡ, ಸಾಕು" ಎನ್ನುತ್ತಾರೆ. ಒಬ್ಬರಲ್ಲ, ಕೇಳಿದವರೆಲ್ಲ ಹೀಗೇ ಮಾಡಿದರು. ನಾನೂ ಸುಮ್ಮನಿರದೆ, ಬೇಡ ಎಂದವರನ್ನು ಇನ್ನೊಮ್ಮೆ ಕೇಳಬೇಕೆಂಬ ಶಿಸ್ತಿನ ಪ್ರಕಾರ, "ಸ್ವಲ್ಪ, ಒಂದೇ ಒಂದು" ಎಂದು ಒತ್ತಾಯ ಮಾಡುತ್ತಿದ್ದೆ. ಚುಚ್ಚಿ, ನಾಳ ತಪ್ಪಿ, ಚರ್ಮ ಉಬ್ಬಿ, ಸೂಜಿ ಹೊರತೆಗೆದ ಮೇಲೆ ಒಬ್ಬರನ್ನು "ಇನ್ನೊಂದು ಹಾಕ್ಲಾ?" ಎಂದು ಕೇಳಿಬಿಟ್ಟೆ. ಅವರು ಮಂಚದಿಂದ ಎದ್ದು ಚಪ್ಪಲಿ ಹುಡುಕತೊಡಗಿದರು. ಶಕುಂತಲಾ ಸಿಸ್ಟರ್ ನನ್ನನ್ನು ಬದಿಗೆ ಕರೆದು, ದನಿ ಇಳಿಸಿ, ಜಿಲೇಬಿ ಬಡಿಸೋಕೆ ಬಂದಿದೀಯಾ ಎಂದು ಕೇಳಿದರು.

ಅದೇ ದಿನ ಅವರು ಇನ್ನೊಂದು ಮಾತನ್ನೂ ಹೇಳಿದರು. ವಾರ್ಡಿನ ತರಬೇತಿಯ ಈ ಸುತ್ತು ಮುಗಿಯುವುದರೊಳಗೆ ಅವರ ಕಣ್ಣೆದುರು ಒಂದಾದರೂ ಕ್ಯಾನುಲಾ ಸರಿಯಾಗಿ ಹಾಕದಿದ್ದರೆ, ನಾನು ಮುಂದಿನ ಸುತ್ತಿಗೆ ಹೋಗುವ ಹಾಗಿಲ್ಲ, ಕಿರಿಯರ ಜೊತೆ ಮತ್ತೆ ಮೊದಲಿನಿಂದ ನಿಲ್ಲಬೇಕು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಎಲ್ಲರಿಗೂ ಎಲ್ಲ ಕೆಲಸವೂ ಒಗ್ಗುವುದಿಲ್ಲ ಮಾರಾಯ ಎಂದು ಮರುಕದಿಂದ ಹೇಳಿದರು. ನನಗೆ ಕಣ್ಣಲ್ಲಿ ನೀರು ಬಂತು. ಊರಿಗೆ ಹೋಗಿ ಬಸ್ಸಿಳಿಯುವುದು, ಅಪ್ಪಯ್ಯ ಏನೂ ಕೇಳದೆ ಒಂದು ಸೌಟು ತೆಗೆದು ಕೈಗೆ ಕೊಡುವುದು, ನಾನು ಅದನ್ನು ಬಲಗೈಯಲ್ಲಿ ತೆಗೆದುಕೊಳ್ಳುವುದು, ಎಲ್ಲವೂ ಕಣ್ಣಿಗೆ ಕಟ್ಟಿತು. ಸುತ್ತು ಮುಗಿಯಲು ಇನ್ನು ಕೆಲವೇ ದಿನ ಇತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಅಮ್ಮ ಕಾಣಿಸಿದಳು. ಹಿಂದೆ ಗಾಲಿಕುರ್ಚಿಯಲ್ಲಿ ಒಬ್ಬರು, ತಲೆಯಿಂದ ಮೂಗಿನವರೆಗೆ ಪಂಚೆ ಹೊದ್ದುಕೊಂಡವರು. ಪಂಚೆಯ ಜರಿ ನೋಡಿ ಅಪ್ಪಯ್ಯ ಎಂದು ಗೊತ್ತಾಯಿತು. ವಾಂತಿ ಭೇದಿ ಹಿಡಿದು ಮೈಯಲ್ಲಿ ನೀರೇ ಉಳಿದಿರಲಿಲ್ಲ, ಕಣ್ಣು ಒಳಗೆ ಹೋಗಿತ್ತು, ತುಟಿ ಒಣಗಿತ್ತು. ಶೃಂಗೇರಿಯಲ್ಲೇ ಆಸ್ಪತ್ರೆ ಇರುವಾಗ ಈ ಸ್ಥಿತಿಯಲ್ಲಿ ಕೊಪ್ಪದವರೆಗೆ ಬಂದದ್ದೇಕೆ ಎಂದು ನಾನು ಅಮ್ಮನ ಮೇಲೆ ರೇಗಿದೆ. ಅವಳು ಹೇಳಿದ್ದು ಕೇಳಿ ನನ್ನ ಸಿಟ್ಟು ಇಳಿಯಿತು. ಅಡುಗೆಯವನಿಗೆ ಹೊಟ್ಟೆ ಕೆಟ್ಟಿದೆ ಎಂದು ಶೃಂಗೇರಿಯಲ್ಲಿ ಒಬ್ಬರಿಗೆ ತಿಳಿದರೆ ಸಾಕು, ಸಂಜೆಯೊಳಗೆ ಸುದ್ದಿ ಕಿಗ್ಗದವರೆಗೂ ಹೋಗುತ್ತದೆ. ಹಿಂದಿನ ದಿನವಷ್ಟೇ ಅವರು ಒಂದು ದೊಡ್ಡ ಮದುವೆಗೆ ಅಡುಗೆ ಮಾಡಿದ್ದರು. ಅಲ್ಲಿ ಉಂಡವರೆಲ್ಲ ತಮ್ಮ ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಳ್ಳತೊಡಗುತ್ತಾರೆ, ಮುಂದೆ ದಿನ ಹಿಡಿದವರೆಲ್ಲ ಬೇರೆ ಭಟ್ಟರನ್ನು ಹುಡುಕುತ್ತಾರೆ. ಅದಕ್ಕೇ ಕೊಪ್ಪ, ಅದಕ್ಕೇ ಪಂಚೆ.

ಆದರೆ ಈ ಸೀಮೆಯಲ್ಲಿ ಅಪ್ಪಯ್ಯನ ಸಾರು ಉಣ್ಣದವರು ಇರುವ ವಾರ್ಡ್ ಎಲ್ಲಿದೆ? ಹಾಸಿಗೆಗೆ ಮಲಗಿಸುವುದರೊಳಗೆ ಆಚೆ ಈಚೆ ಮಂಚದವರು ಎದ್ದು ಕುಳಿತು, ಎಂತಾಯ್ತು ಭಟ್ರೇ ಎಂದು ಕೇಳತೊಡಗಿದರು. ಅಪ್ಪಯ್ಯ ಕಣ್ಣು ಮುಚ್ಚಿಕೊಂಡೇ, ಒಲೆಯ ಝಳಕ್ಕೆ ಸುಸ್ತಾದದ್ದು ಎಂದರು. ಹಾಗೆನ್ನುತ್ತಲೇ ಅವರು ಬೇಸಿನ್ನಿಗೆ ಬಗ್ಗಬೇಕಾಗಿ ಬಂತು, ಝಳಕ್ಕೆ ಹೀಗೂ ಆಗುತ್ತದಾ ಎಂದು ಪಕ್ಕದವರು ಆಶ್ಚರ್ಯಪಟ್ಟರು. ಡಾಕ್ಟರ್ ಬಂದು ಹೊರಗೆ ಏನಾದರೂ ತಿಂದಿರಾ ಎಂದು ಕೇಳಿದಾಗ ಅಪ್ಪಯ್ಯ ಸೂರಿನ ಕಡೆ ನೋಡಿದರು. ಏನೂ ಇಲ್ಲ, ಮದುವೆಮನೆಯಲ್ಲಿ ಕೊನೆಗೆ ಮೊಸರನ್ನ ಮಾತ್ರ ಎಂದಳು ಅಮ್ಮ. ಕೂಡಲೇ ಬಾಟ್ಲಿ ಹಾಕಲು ಹೇಳಿ ಡಾಕ್ಟರ್ ಮುಂದೆ ಹೋದರು. ಶಕುಂತಲಾ ಸಿಸ್ಟರ್ ಟ್ರೇ ತೆಗೆದುಕೊಂಡು ಬಂದರು.

ಅಪ್ಪಯ್ಯ ಪಂಚೆಯೊಳಗಿನಿಂದ ಕೈ ಹೊರಗೆ ತೆಗೆಯಲಿಲ್ಲ. "ಹೊರಗಿನವ್ರು ಬೇಡ. ನನ್ನ ಮಾಣಿ ಹಾಕಲಿ" ಎಂದರು. ಮಗನ ಮೇಲಿನ ಭರವಸೆಯಿಂದ ಅಂದದ್ದು ಎಂದು ಸಿಸ್ಟರ್ ತಿಳಿದರು. ನನಗೆ ಗೊತ್ತಿತ್ತು, ಸಿಸ್ಟರ್ ಪಕ್ಕದಲ್ಲಿ ಕುಳಿತರೆ ಮತ್ತೆ ಏನು ತಿಂದಿರಿ ಎಂದು ಕೇಳುತ್ತಾರೆ ಎಂಬ ಹೆದರಿಕೆಯಿಂದ ಅಂದದ್ದು. ಮನೆಯವರಿಗೆ ಮನೆಯವರು ಹಾಕುವುದು ಸರಿಯಲ್ಲ ಎಂದು ಸಿಸ್ಟರ್ ಹೇಳಿ ನೋಡಿದರು, ಅಪ್ಪಯ್ಯನ ಕೈ ಬರಲಿಲ್ಲ. ಹೊತ್ತು ಕಳೆಯುವ ಹಾಗಿರಲಿಲ್ಲ. ಎರಡು ಸಲ ಮಾತ್ರ, ಆಮೇಲೆ ಭಟ್ರು ಏನೇ ಹೇಳಿದರೂ ನಾನೇ ಹಾಕುವುದು ಎಂದು ಸಿಸ್ಟರ್ ಟ್ರೇಯನ್ನು ನನ್ನ ಮುಂದಿಟ್ಟು ಮಂಚದ ಕಾಲ ಬುಡದಲ್ಲಿ ನಿಂತರು. ನಾನು ಬಲಗೈ ಕೇಳಿದೆ. ಅಪ್ಪಯ್ಯ ಕೊಟ್ಟದ್ದು ಎಡಗೈ. ಬಲಗೈಗೆ ಸೂಜಿ ಚುಚ್ಚಿಸಿಕೊಂಡರೆ ಸಂಧ್ಯಾವಂದನೆಗೆ ಏನು ಮಾಡುವುದು, ನಾಳೆ ಸೌಟು ಹಿಡಿಯುವುದು ಹೇಗೆ? ಹೇಗೂ ಆ ಬಲಗೈಯಲ್ಲಿ ಒಗ್ಗರಣೆಯ ಎಣ್ಣೆ ಸಿಡಿದ ಕಲೆಗಳ ನಡುವೆ ನಾಳ ಹುಡುಕುವುದು ಯಾರಿಂದಲೂ ಆಗುತ್ತಿರಲಿಲ್ಲ. ಎಡಗೈ ಮಾತ್ರ ಬೆಂಕಿಯನ್ನೇ ನೋಡದ ಹಾಗೆ ನುಣ್ಣಗಿತ್ತು.

ನಾನು ಬಲಗೈಯಲ್ಲಿ ಸೂಜಿ ಹಿಡಿದೆ. ಅಪ್ಪಯ್ಯನಿಗೆ ಒಂದು ಲೋಟ ನೀರನ್ನೂ ಎಡಗೈಯಲ್ಲಿ ಕೊಟ್ಟವನಲ್ಲ ನಾನು, ಸೂಜಿಯನ್ನು ಹೇಗೆ ಚುಚ್ಚಲಿ? ಪಟ್ಟಿ ಕಟ್ಟಿದೆ, ಒರೆಸಿದೆ, ಬಗ್ಗಿದೆ. ಹಾಕ್ಲಾ ಎನ್ನುವ ಮಾತು ತುಟಿಯವರೆಗೆ ಬಂತು, ನುಂಗಿಕೊಂಡೆ. ಅಪ್ಪಯ್ಯ ನನ್ನ ಕೈಯನ್ನೇ ನೋಡುತ್ತಿದ್ದರು, ಪಂಕ್ತಿಯಲ್ಲಿ ದೂರದಿಂದ ನೋಡುತ್ತಿದ್ದ ಅದೇ ನೋಟ. ಸೂಜಿ ಒಳಗೆ ಹೋಯಿತು, ರಕ್ತ ಬರಲಿಲ್ಲ. ಸ್ವಲ್ಪ ಸರಿಸಿದೆ, ಬರಲಿಲ್ಲ. ಕೈಯ ಹಿಂಬದಿಯಲ್ಲಿ ನೀಲಿಯಾಗಿ ಒಂದು ಗುಳ್ಳೆ ಎದ್ದಿತು. ತೆಗೆದು ಹತ್ತಿ ಒತ್ತಿ ಹಿಡಿದೆ. ಅಪ್ಪಯ್ಯನಿಗೆ ನೋವಾಗಿತ್ತು, ಆದರೆ ಅವರು ಹೇಳಲಿಲ್ಲ. ಬಡಿಸುವವನು ತಪ್ಪಿದಾಗ ಎಲೆಯ ಮುಂದೆ ಬೈಯಬಾರದು ಎನ್ನುವುದೂ ಅವರ ಶಿಸ್ತೇ.

ಪಟ್ಟಿಯನ್ನು ಮೇಲಕ್ಕೆ ಕಟ್ಟಿ, ಮೊಣಕೈ ಕೆಳಗೆ ಬೆರಳಿಟ್ಟು ಹುಡುಕಿದೆ. ಒಂದು ನಾಳ ಮೆತ್ತಗೆ, ಇದ್ದೂ ಇಲ್ಲದ ಹಾಗೆ ಸಿಕ್ಕಿತು. ಹೊಸ ಸೂಜಿ ತೆಗೆದುಕೊಂಡೆ, ಬಲಗೈಯಲ್ಲೇ. ಅದು ಅಲ್ಲೇ ಗಾಳಿಯಲ್ಲಿ ನಿಂತುಬಿಟ್ಟಿತು. ಅಪ್ಪಯ್ಯ ನನ್ನ ಮುಖ ನೋಡಿದರು, ಆಮೇಲೆ ನನ್ನ ಎರಡೂ ಕೈ ನೋಡಿದರು. ಅಜ್ಜಿಯ ಮಾತು ಸಿರಿಮನೆಯಿಂದ ಹೊರಟು ಬೇಗಾರನ್ನು ಯಾವಾಗಲೋ ಮುಟ್ಟಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಅವರು ನಿಧಾನಕ್ಕೆ ತಲೆಯನ್ನು ಗೋಡೆಯ ಕಡೆ ತಿರುಗಿಸಿದರು.

"ನಾ ಗೋಡೆ ನೋಡ್ತಾ ಇರ್ತೆ ಮಾಣಿ. ಈ ಬದಿಗೆ ನೋಡೂದಿಲ್ಲ. ನಿಂಗೆ ಹೆಂಗೆ ಬತ್ತದೋ ಹಂಗೆ ಹಾಕು."

ಅಷ್ಟು ಹೇಳಿ ಪಂಚೆಯನ್ನು ಕಣ್ಣಿನ ಮೇಲೂ ಎಳೆದುಕೊಂಡರು. ನಮ್ಮ ಮನೆಯಲ್ಲಿ ನೋಡದೇ ಇದ್ದದ್ದು ನಡೆದದ್ದಲ್ಲ, ಮಡಿಯಿಂದ ಹಿಡಿದು ಎಷ್ಟೋ ವಿಷಯ ಹೀಗೆಯೇ ಸಾಗಿ ಬಂದಿದೆ. ಆದರೆ ಒಂದು ಚಿಟಿಕೆ ಉಪ್ಪಿಗೆ ಇಡೀ ಸಾಲಿನ ಎಲೆ ಎತ್ತಿಸಿದವರು ನನಗಾಗಿ ಗೋಡೆಯ ಕಡೆ ತಿರುಗಿದರಲ್ಲ, ಅದು ನನಗೆ ದೊಡ್ಡದಾಗಿ ಕಂಡಿತು. ಸೂಜಿಯನ್ನು ಎಡಗೈಗೆ ದಾಟಿಸಿದೆ. ಸಿಸ್ಟರ್ ಕಣ್ಣಲ್ಲೇ ಹೂಂ ಎಂದರು. ಚುಚ್ಚುವಾಗ ರೋಗಿಯನ್ನು ಮಾತಿಗೆಳೆಯಬೇಕು ಎಂದು ಅವರೇ ಕಲಿಸಿದ್ದರು. ನನಗೆ ಆಗ ಬೇರೆ ಮಾತು ಯಾವುದೂ ಹೊಳೆಯಲಿಲ್ಲ. ಅವರ ಕಿವಿಯ ಹತ್ತಿರ ಬಗ್ಗಿ, ನಿಜವಾಗಿ ಎಂತ ತಿಂದದ್ದು ಅಪ್ಪಯ್ಯ ಎಂದು ಮೆಲ್ಲಗೆ ಕೇಳಿದೆ.

ಪಂಚೆಯ ಅಂಚು ಒಮ್ಮೆ ಅಲುಗಿತು. ಆಮೇಲೆ ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. "ಗೋಬಿ ಮಂಚೂರಿ."

ಅದೇ ಗಳಿಗೆಯಲ್ಲಿ ಸೂಜಿಯ ಹಿಂದೆ ಕೆಂಪು ಹನಿ ಕಂಡಿತು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಬೆಚ್ಚಿದೆ ಎಂದು ಈಗಲೂ ಹೇಳಲಾರೆ. ಗೋಬಿ ಮಂಚೂರಿ ಬಂದ ಮೇಲೆ ಅಡುಗೆ ಎನ್ನುವುದೇ ಕೆಟ್ಟುಹೋಯಿತು ಎಂದು ಊರೂರಲ್ಲಿ ಸಾರುತ್ತಿದ್ದವರು ಇವರು. ಆದರೆ ಮದುವೆಮನೆಯವರೆಲ್ಲ ಈಚೆಗೆ ಅದನ್ನೇ ಕೇಳುತ್ತಾರೆ, ಮಾಡಲು ಇವರಿಗೆ ಬಾರದು. ಬೇರೆಯವರ ಹತ್ತಿರ ಕೇಳಿ ಕಲಿಯಲು ಮರ್ಯಾದೆ ಬಿಡದು. ಮದುವೆ ಮುಗಿಸಿ ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಗಾಡಿಯ ಮುಂದೆ ನಿಂತು, ಹೇಗೆ ಮಾಡುತ್ತಾರೆ ಎಂದು ತಿಳಿಯಲು ಒಂದು ಪ್ಲೇಟ್ ತಿಂದು ನೋಡಿದ್ದರು. ಒಂದರಲ್ಲಿ ಸರಿಯಾಗಿ ತಿಳಿಯಲಿಲ್ಲವಂತೆ, ಇನ್ನೊಂದು ತೆಗೆದುಕೊಂಡರಂತೆ. ಇದನ್ನೆಲ್ಲ ಅವರು ಗೋಡೆಗೆ ಹೇಳುತ್ತ ಹೋದರು, ನಾನು ಎಡಗೈಯಿಂದ ಕೊಳವೆ ಸರಿಸಿ, ಪಟ್ಟಿ ಬಿಚ್ಚಿ, ಸೂಜಿ ಎಳೆದು, ಬಾಟ್ಲಿಯ ಪೈಪ್ ಸೇರಿಸಿ, ಪ್ಲಾಸ್ಟರ್ ಅಂಟಿಸಿದೆ. ಹನಿ ಬೀಳತೊಡಗಿತು. ನನಗೆ ಅಳು, ನಗು ಎರಡೂ ಬಂದು, ತಡೆದುಕೊಳ್ಳಲಾಗದೆ ಟ್ರೇ ಎತ್ತಿಕೊಂಡು ಹೊರಗೆ ಹೋದೆ. ಹೊರಗೆ ಜಿನ್ಸಿ ನಿಂತಿದ್ದಳು, ಹೋಯ್ತಾ ಎಂದಳು. ಹೋಯ್ತು ಎಂದೆ. ಗೋಬಿಯ ವಿಷಯವನ್ನು ಸಿಸ್ಟರಿಗೂ ಡಾಕ್ಟರಿಗೂ ಮಾತ್ರ ತಿಳಿಸಿದೆ, ಅದು ಚಿಕಿತ್ಸೆಗೆ ಬೇಕಾದದ್ದು.

ಮಧ್ಯಾಹ್ನದ ಹೊತ್ತಿಗೆ ಅಪ್ಪಯ್ಯ ಎದ್ದು ಕುಳಿತು ವಾರ್ಡಿನ ಗಂಜಿಗೆ ಉಪ್ಪು ಕಡಿಮೆ ಎಂದರು, ಅಂದರೆ ಗುಣವಾಗುತ್ತಿತ್ತು. ಪಕ್ಕದ ಮಂಚದವರು, ಮಗ ಹಾಕಿದ್ದಾ ಭಟ್ರೇ, ಯಾವ ಕೈಯಲ್ಲಿ ಎಂದು ಬೇಕೆಂದೇ ಕೇಳಿದರು. ಅಪ್ಪಯ್ಯ ಒಂದು ಕ್ಷಣವೂ ತಡಮಾಡದೆ ಬಲಗೈಯಲ್ಲಿ ಎಂದರು. ನೀವು ಗೋಡೆ ಕಡೆ ತಿರುಗಿದ್ದಿರಲ್ಲ ಎಂದು ಅವರು ಬಿಡಲಿಲ್ಲ. ಅಪ್ಪಯ್ಯ ನನ್ನತ್ತ ನೋಡಿದರು. ನಾನು ಬಲಗೈಯಲ್ಲೇ ಎಂದೆ. ಆಮೇಲೆ ಅವರು ಅಪ್ಪಯ್ಯನಿಗೆ ನಿಜವಾಗಿ ಏನಾಗಿದ್ದು ಎಂದು ನನ್ನನ್ನು ಕೇಳಿದರು. ಒಲೆಯ ಝಳ ಎಂದೆ. ಹೀಗೆ ಅವರ ಸುಳ್ಳಿಗೆ ನಾನು, ನನ್ನದಕ್ಕೆ ಅವರು ಎಂಬ ಒಪ್ಪಂದ ಒಂದು ಮಾತೂ ಇಲ್ಲದೆ ಆಗಿಹೋಯಿತು. ಈಗಲೂ ಅದು ಜಾರಿಯಲ್ಲಿದೆ. ಶಕುಂತಲಾ ಸಿಸ್ಟರ್ ನನ್ನನ್ನು ಮುಂದಿನ ಸುತ್ತಿಗೆ ಬಿಟ್ಟರು. ಆಮೇಲೆ ಎಡಗೈಯನ್ನು ನಾನು ಕಟ್ಟಿಹಾಕಲಿಲ್ಲ, ರೋಗಿಗಳಿಗೆ ಮಾತ್ರ ಮೊದಲು ಗೋಡೆ ತೋರಿಸುತ್ತೇನೆ.

ಓದು ಮುಗಿದು ಕೆಲಸ ಸಿಕ್ಕ ಮೇಲೆ ಒಮ್ಮೆ ರಜೆಯಲ್ಲಿ ಊರಿಗೆ ಹೋಗಿದ್ದೆ. ಕೊಪ್ಪದ ಹತ್ತಿರ ಒಂದು ಗೃಹಪ್ರವೇಶ, ಬಡಿಸುವವರು ಕಡಿಮೆ ಬಿದ್ದಿದ್ದರು, ಅಪ್ಪಯ್ಯ ನನ್ನ ಕೈಗೆ ಸಾರಿನ ಬಕೆಟ್ ಕೊಟ್ಟರು. ಎಲೆಯಲ್ಲಿ ಗೋಬಿ ಮಂಚೂರಿಯೂ ಇತ್ತು, ಅಪ್ಪಯ್ಯನೇ ಮಾಡಿದ್ದು, ಬಹಳ ಚೆನ್ನಾಗಿತ್ತು. ಎಲ್ಲಿ ಕಲಿತಿರಿ ಎಂದು ಯಾರೋ ಕೇಳಿದ್ದಕ್ಕೆ ಅಂದಾಜಿನ ಮೇಲೆ ಎಂದರು. ಮೊದಲ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹಿರಿಯರ ಮುಂದೆ ನಾನು ಬಂದಾಗ ಅಪ್ಪಯ್ಯ ಹಿಂದಿನಿಂದ ಬಂದು ನಿಂತರು. ಒಲೆಯ ಝಳಕ್ಕೆ ಬಿದ್ದಾಗ ನನಗೆ ಗ್ಲೂಕೋಸ್ ಹಾಕಿದವ ಇವನೇ, ಬಲಗೈಯಲ್ಲಿ, ಒಂದೇ ಚುಚ್ಚಿಗೆ ಎಂದು ಹೇಳಿದರು. ಒಂದೇ ಚುಚ್ಚಿಗೆ ಎನ್ನುವುದು ಒಪ್ಪಂದದಲ್ಲಿ ಇರಲಿಲ್ಲ, ಅದು ಅವರ ಉಪಚಾರ. ಹಿರಿಯರು ನನ್ನ ಬಲಗೈಯನ್ನು ಹಿಡಿದು, ಮುಂದೆ ಹಿಂದೆ ತಿರುಗಿಸಿ ನೋಡಿ, ಒಳ್ಳೆಯ ಕೈ ಎಂದು ಎಲ್ಲರಿಗೂ ಕೇಳುವ ಹಾಗೆ ಹೊಗಳಿದರು. ಅಕ್ಕಪಕ್ಕದವರೂ ಕತ್ತು ಚಾಚಿ ನೋಡಿದರು. ಏನೂ ಮಾಡದೆ ಮರ್ಯಾದೆ ತೆಗೆದುಕೊಳ್ಳುತ್ತಿದ್ದ ಆ ಕೈಯ ಮೇಲೆ ನನಗೇ ಹೊಟ್ಟೆಕಿಚ್ಚಾಯಿತು. ಆದರೂ ಹಲ್ಲುಬಿಟ್ಟು ನಿಂತೆ. ಅವರು ಕೈ ಬಿಟ್ಟ ಮೇಲೆ ಅದೇ ಕೈಯಿಂದ ಸಾರು ಬಡಿಸಿದೆ. ಅರ್ಧ ಎಲೆಗೆ ಬಿತ್ತು, ಅರ್ಧ ಅವರ ರೇಷ್ಮೆ ಮಡಿಯ ಮೇಲೆ ಬಿತ್ತು. ಹಿರಿಯರು ಒದ್ದೆಯಾದ ಮಡಿಯನ್ನು ಎತ್ತಿ ಹಿಡಿದುಕೊಂಡು, ಪಾಪ, ಸೂಜಿ ಹಿಡಿದೂ ಹಿಡಿದೂ ಈ ಕೈಗೆ ಸೌಟಿನ ಅಭ್ಯಾಸ ತಪ್ಪಿಹೋಗಿದೆ ಎಂದರು. ನಾನು ಅದಕ್ಕೂ ಹೌದು ಎಂದೆ.